‘ಬೋರಿಂಗ್’ ಬಿಟ್ಟು ಬೇರೆ ಪದ ಇಲ್ವಾ?

ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ: “ಎಲ್ಲದಕ್ಕೂ ಬೋರಿಂಗ್ ಅಂತೀವಿ ಮೇಡಂ, ಬೇರೆ ಪದ ಇಲ್ವಾ?”

ಇದೆ. ನಾನು ಮೊದಲು ಕಲಿಸುವುದು ‘ಹಮ್‌ಡ್ರಮ್’. ದಿನಾ ಅದೇ, ಹೊಸದೇನೂ ಇಲ್ಲ ಅನ್ನುವಂಥ ಕೆಲಸಕ್ಕೆ, ಬದುಕಿಗೆ ಇದು ಸರಿಯಾಗಿ ಹೊಂದುತ್ತದೆ. 16ನೇ ಶತಮಾನದಿಂದಲೂ ಬಳಕೆಯಲ್ಲಿರುವ ಪದ. ‘ಹಮ್’ ಅಂದರೆ ಎಡೆಬಿಡದೆ ಕೇಳುವ ಗುಂಯ್ ಸದ್ದು. ‘ಡ್ರಮ್’ ಪ್ರಾಸಕ್ಕೆ ಅಂಟಿಕೊಂಡಿರಬೇಕು. ನಾವು ಊಟಗೀಟ, ಪುಸ್ತಕಗಿಸ್ತಕ ಅಂತ ಜೋಡಿ ಕಟ್ಟುತ್ತೇವಲ್ಲ, ಕಿವಿಗೆ ಹಾಗೇ ಕೇಳುತ್ತದೆ.

‘ಮೊನಾಟನಸ್’ ಕೂಡ ಒಳ್ಳೆಯ ಪದವೇ. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಒಂದೇ ಸ್ವರ’. ನಮ್ಮ ‘ಏಕತಾನ’ದ ಹಾಗೆಯೇ, ಅಲ್ವಾ? ಆದರೆ ಅದರಲ್ಲಿ ಒತ್ತು ‘ನಾ’ ಮೇಲೆ ಬೀಳಬೇಕು. ಹೆಚ್ಚಿನವರು ‘ಮೋನೋಟೋನಸ್’ ಅಂದುಬಿಡುತ್ತಾರೆ. ಅದಕ್ಕೇ ಅದನ್ನು ಎರಡನೇ ವಾರಕ್ಕೆ ಇಡುತ್ತೇನೆ.

ನಿಜವಾದ ತೊಡಕು ಇರುವುದು ನಮ್ಮ ‘ಬೇಜಾರು’ ಪದದಲ್ಲಿ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಬೈದರೂ ಬೇಜಾರು. ಕೆಲಸವೂ ಬೇಜಾರು, ನನಗೂ ಬೇಜಾರು. ಇಂಗ್ಲಿಷಿನಲ್ಲಿ ಇವೆಲ್ಲ ಬೇರೆ ಬೇರೆ. ಹಾಗಾಗಿ ‘ನನಗೆ ಬೇಜಾರಾಗ್ತಿದೆ’ ಅನ್ನಲು ಹೋಗಿ ‘ಐ ಆಮ್ ಬೋರಿಂಗ್’ ಅನ್ನುತ್ತಾರೆ. ಅಂದರೆ ‘ನನ್ನ ಜೊತೆ ಇದ್ದವರಿಗೆ ಬೇಜಾರಾಗುತ್ತೆ’ ಎಂದಂತಾಯಿತು! ಹೇಳಬೇಕಾದದ್ದು ‘ಐ ಆಮ್ ಬೋರ್ಡ್’. ಹಮ್‌ಡ್ರಮ್ ನನಗೆ ಇಷ್ಟವಾಗುವುದು ಇದಕ್ಕೇ. ಅದು ಮನಸ್ಸಿನ ಭಾವನೆಯ ಹೆಸರಲ್ಲ, ಕೆಲಸದ ಗುಣ. ‘ಹಮ್‌ಡ್ರಮ್ ಜಾಬ್’, ‘ಹಮ್‌ಡ್ರಮ್ ಲೈಫ್’ ಅಂತ ಆ ವಸ್ತುವಿನ ಪಕ್ಕದಲ್ಲೇ ಇಟ್ಟು ಕಲಿತರೆ ಗೊಂದಲ ಕಡಿಮೆ.

ಹೋದ ವರ್ಷ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬರುತ್ತಿದ್ದಳು. ಬೆಳಗ್ಗೆಯಿಂದ ಸಂಜೆವರೆಗೆ ಶರ್ಟಿನ ಕಾಲರ್ ಮಾತ್ರ ಹೊಲಿಯುವುದು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬೋರ್ಡಿನ ಮೇಲೆ ಪದ ಬರೆದು ‘ಹಮ್’ ಅಂದರೇನು ಅಂತ ವಿವರಿಸುತ್ತಿದ್ದೆ. ಅವಳು ಮಧ್ಯದಲ್ಲೇ, “ನಮ್ಮ ಮಿಷನ್ ಸದ್ದು, ಮೇಡಂ” ಅಂದಳು. ಮರುದಿನ ಒಂದು ವಾಕ್ಯ ಬರೆದುಕೊಂಡು ಬಂದಿದ್ದಳು: ‘ಮೈ ವರ್ಕ್ ಈಸ್ ಹಮ್‌ಡ್ರಮ್, ಸೋ ಐ ಆಮ್ ಲರ್ನಿಂಗ್ ಇಂಗ್ಲಿಷ್.’ ಅದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.