ಅದಕ್ಕ ಥಂಡಿ ಆಗೇದ

"ಅದಕ್ಕ ಥಂಡಿ ಆಗೇದ ಅಪ್ಪಾ. ಆಗಿಲ್ಲಂತ ಹೆಂಗ ಹೇಳೂದು?"

ಸೋಮವಾರ ಮುಂಜಾನೆ ಮಗಳು ಫೋನಿನಲ್ಲಿ ಅಂದ ಮಾತು. ಇವತ್ತು ಶುಕ್ರವಾರ. ಹಾಲು ಕಾಸುವಾಗ, ಪಾಷಾಣ ಕೆರೆಯ ಕಡೆ ವಾಕಿಂಗ್ ಹೋದಾಗ, ರಾತ್ರಿ ದೀಪ ಆರಿಸಿ ಮಲಗಿದಾಗ, ಅದೇ ಮಾತು ಅದೇ ದನಿಯಲ್ಲಿ ಕೇಳಿಸುತ್ತಿದೆ.

ಅವಳು ಇರುವುದು ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್‌ನಲ್ಲಿ. ಸುಮಾರು 4,200 ಮೀಟರ್ ಎತ್ತರದ ಹಳ್ಳಿ. ಹಿಮಚಿರತೆಯ ಅಧ್ಯಯನ. ಇಲ್ಲಿ ಪುಣೆಯಲ್ಲಿ 10 ಡಿಗ್ರಿಗೆ ಇಳಿದರೆ ನಾವು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೇವೆ, ಸೊಸೈಟಿಯ ವಾಚ್‌ಮನ್ ಶೇಕೋಟಿ, ಅಂದರೆ ಚಳಿಬೆಂಕಿ, ಹಾಕಿಕೊಂಡು ಕೂರುತ್ತಾನೆ. ಅಲ್ಲಿ ಜನವರಿಯ ರಾತ್ರಿ ಸೊನ್ನೆಯಿಂದ 20 ಡಿಗ್ರಿ ಕೆಳಗೆ. ಹಿಮ ಬಿದ್ದರೆ ಲೈನ್ ಕರೆಂಟಿನ ಭರವಸೆ ಇಲ್ಲ. ಅದಕ್ಕೇ ಅಕ್ಟೋಬರಿನಲ್ಲಿ ನಾನೇ ಮುಂದೆ ನಿಂತು ಎರಡು ಸೋಲಾರ್ ಪ್ಯಾನೆಲ್, ಒಂದು ಕಂಟ್ರೋಲರ್, 24 ವೋಲ್ಟಿನ ಒಂದು ಲಿಥಿಯಂ ಫಾಸ್ಫೇಟ್ ಬ್ಯಾಟರಿ ಕೊಡಿಸಿದ್ದೆ. "ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ ಕಾಕಾ" ಎಂದ ಅಂಗಡಿಯವನು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಲಿಲ್ಲ. ಬ್ಯಾಟರಿ ಮಾರುವವನು ಮೊದಲು ಕೇಳಬೇಕಾದದ್ದೇ ಅದು. ಅವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆಕೆಯ ಫಿರ್ಯಾದು ಇಷ್ಟು: ರಾತ್ರಿ ದೀಪ ಉರಿಯುತ್ತದೆ, ಲ್ಯಾಪ್‌ಟಾಪ್ ನಡೆಯುತ್ತದೆ. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು. ಆದರೆ ಚಾರ್ಜಿಂಗ್ ಕರೆಂಟು ಸೊನ್ನೆ. ಮಧ್ಯಾಹ್ನದವರೆಗೂ ಸೊನ್ನೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲಿ 31 ವರ್ಷ ದುಡಿದವನು. 24 ಸೆಲ್ಲು, ಒಂದೊಂದೂ 2 ವೋಲ್ಟು, ಒಟ್ಟು 48. ಹೈಡ್ರೋಮೀಟರ್ ಅದ್ದಿ ಆಸಿಡ್ಡಿನ ಗ್ರಾವಿಟಿ ಬರೆಯುವುದು, ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ಲಿಗೆ ವ್ಯಾಸಲೀನ್ ಸವರುವುದು. ನನ್ನ ಪ್ಯಾಂಟುಗಳೆಲ್ಲ ಆಸಿಡ್ ಹನಿ ಬಿದ್ದು ಜರಡಿಯಾಗಿದ್ದವು. ಸೀಸದ ಬ್ಯಾಟರಿಗೆ ಚಳಿ ಎಂದರೆ ಜಡ ಹಿಡಿಯುವುದು. ಕಡಿಮೆ ಕೊಡುತ್ತದೆ, ನಿಧಾನ ತಗೊಳ್ಳುತ್ತದೆ. ಪೂರ್ತಿ ಖಾಲಿ ಬಿಟ್ಟರೆ ಮಾತ್ರ ಒಳಗಿನ ಆಸಿಡ್ ನೀರಿನಂತಾಗಿ, ಹೆಪ್ಪುಗಟ್ಟಿ, ಡಬ್ಬಿ ಒಡೆದೀತು. ಅದಕ್ಕೆ ಚಳಿ ಇದ್ದಷ್ಟೂ ಚಾರ್ಜ್ ತುಂಬಿಸಿಡು ಅನ್ನುವುದು ನಾನು ಕಲಿತ ಪಾಠ.

ಅದೇ ಪಾಠದ ಬಲದಿಂದ ಮಗಳಿಗೆ ಹೇಳಿದೆ: "ಸೆಲ್ಲಿಗೆ ಅಂಟಿಸಿದ ಸೆನ್ಸರ್ ಬಿಚ್ಚು. ಅದರ ಜಾಗಾದಾಗ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕು. ಬಿಎಂಎಸ್ಸು 25 ಡಿಗ್ರಿ ಅದ ಅಂತ ತಿಳಕೊಂಡು ಚಾರ್ಜ್ ಬಿಡತದ." ಬಿಎಂಎಸ್ಸು ಅಂದರೆ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟು; ಸೆನ್ಸರ್ ಹೇಳುವ ಉಷ್ಣತೆ ನೋಡಿ ಚಾರ್ಜ್ ಬಿಡುವುದು, ತಡೆಯುವುದು ಅದರ ಕೆಲಸ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಆಮೇಲೆ ಬಂತು ಆ ಮಾತು. "ಅದಕ್ಕ ಥಂಡಿ ಆಗೇದ ಅಪ್ಪಾ. ಆಗಿಲ್ಲಂತ ಹೆಂಗ ಹೇಳೂದು?"

ಬ್ಯಾಟರಿಯ ಜೊತೆ ಬಂದ ಹಾಳೆಯನ್ನು ಆಕೆ ಓದಿದ್ದಳು. ನಾನು ಓದಿರಲಿಲ್ಲ. ಕೊಡುವುದಕ್ಕೆ ಮೈನಸ್ 20ರವರೆಗೆ ಅಡ್ಡಿಯಿಲ್ಲ, ತಗೊಳ್ಳುವುದಕ್ಕೆ ಮಾತ್ರ ಸೊನ್ನೆಗಿಂತ ಮೇಲಿರಬೇಕು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರಬೇಕು. ಚಳಿಯಲ್ಲಿ ಆ ಒಳಹೋಗುವಿಕೆ ನಿಧಾನವಾಗುತ್ತದೆ. ಹಿಂದಿನಿಂದ ಒತ್ತಿದರೆ ಅವು ಹೊರಗೇ ಗುಂಪುಗಟ್ಟಿ ಲೋಹವಾಗಿ ಗ್ರಾಫೈಟಿನ ಮೈಮೇಲೆ ಲೇಪಗೊಳ್ಳುತ್ತವೆ. ಹಾಗೆ ಕೂತ ಲಿಥಿಯಂನಲ್ಲಿ ಒಂದು ಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಸಾಲದ್ದಕ್ಕೆ ಮುಳ್ಳಿನ ಹಾಗೆ ಬೆಳೆದು ನಡುವಿನ ತೆಳು ಪೊರೆಯನ್ನು ಚುಚ್ಚಿದರೆ ಒಳಗೊಳಗೇ ಶಾರ್ಟ್.

ನನ್ನ ನಿದ್ದೆ ಕೆಡಿಸಿದ್ದು ಇಷ್ಟೇ ಅಲ್ಲ. ನನ್ನ ಮಾತು ಕೇಳಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ. ಆಂಪಿಯರ್ ಮುಳ್ಳು ಏರುತ್ತಿತ್ತು, ಬ್ಯಾಟರಿ ತುಂಬುತ್ತಿತ್ತು, ಅವಳು "ಆತು ಅಪ್ಪಾ" ಅನ್ನುತ್ತಿದ್ದಳು, ನಾನು ಖುಷಿಯಾಗಿ ಇನ್ನೊಂದು ಕಪ್ ಚಹಾ ಮಾಡಿಕೊಳ್ಳುತ್ತಿದ್ದೆ. ಕೆಟ್ಟದ್ದು ಕಾಣುವುದು ತಿಂಗಳುಗಳ ಮೇಲೆ, ಹೇಳಿದವನು ಹೇಳಿದ್ದನ್ನೇ ಮರೆತ ಮೇಲೆ. ಅದೂ ಅವಳು ಇಳಿದುಕೊಂಡಿರುವ ಮಣ್ಣಿನ ಗೋಡೆ, ಮರದ ತೊಲೆಗಳ ಮನೆಯಲ್ಲಿ, ಇಡೀ ಕುಟುಂಬ ಒಂದೇ ಬೆಚ್ಚನೆ ಕೋಣೆಯಲ್ಲಿ ಮಲಗಿರುವಾಗ.

ದಾರಿ ತೋರಿಸಿದ್ದು ಮನೆಯೊಡತಿ. ಆ ಹೆಣ್ಣುಮಗಳನ್ನು ನಾನು ವಿಡಿಯೋದಲ್ಲಷ್ಟೇ ನೋಡಿದ್ದೇನೆ, ಆದರೂ ನನಗೆ ಬಹಳ ಹಿಡಿಸಿದ್ದಾಳೆ. ಬ್ಯಾಟರಿ ಉತ್ತರದ ಗೋಡೆಗೆ ತಾಗಿದ ಉಗ್ರಾಣದಲ್ಲಿತ್ತು. ನಾವೆಲ್ಲ ಒಳಗೆ ಬಂದಿದ್ದೇವೆ, ಅದನ್ನೇಕೆ ಹೊರಗೆ ಬಿಟ್ಟಿದ್ದೀ ಎಂದಳಂತೆ. ಸೋಮವಾರ ಸಂಜೆ ಇಬ್ಬರೂ ಸೇರಿ ಒಲೆಯ ಕೋಣೆಗೆ ಹೊತ್ತು ತಂದರು. ಒಲೆಯ ಹತ್ತಿರವಲ್ಲ, ಎದುರು ಮೂಲೆಗೆ. ಕೆಳಗೆ ಥರ್ಮಾಕೋಲು, ಅದರ ಮೇಲೆ ಪ್ಲೈವುಡ್ಡು. ತರುವಾಗ ಸೆಲ್ಲು ಮೈನಸ್ 9. ಕೋಣೆ ಬೆಚ್ಚಗಿದ್ದರೂ 25 ಕಿಲೋ ತೂಕದ ವಸ್ತು ಬೆಚ್ಚಗಾಗಲು ರಾತ್ರಿಯಿಡೀ ಬೇಕಾಯಿತು. ಮರುದಿನ ಮುಂಜಾನೆ ಪ್ಲಸ್ 6. ಆಗ ತಾನಾಗಿಯೇ ತಗೊಂಡಿತು. ಈಗ ಸಂಜೆ ಬೆಚ್ಚಗಿರುವಾಗಲೇ ಮೇಲೊಂದು ಉಣ್ಣೆಯ ಕಂಬಳಿ ಹೊದಿಸುತ್ತಾರೆ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ.

ನನ್ನಿಂದ ಉಪಕಾರವಾದದ್ದು ಒಂದೇ. ಅವಳು ಕಳಿಸಿದ ಫೋಟೋದಲ್ಲಿ ಪ್ಯಾನೆಲ್ ವೋಲ್ಟೇಜು 97 ಇತ್ತು. ಎರಡೂ ಪ್ಯಾನೆಲನ್ನು ಸೀರೀಸಿನಲ್ಲಿ ಜೋಡಿಸಿದ್ದರು, ಕಂಟ್ರೋಲರಿನ ಮಿತಿ 100. ಒಂದೊಂದು ಪ್ಯಾನೆಲಿನ ಖಾಲಿ ವೋಲ್ಟೇಜು, ಅಂದರೆ ಕರೆಂಟು ಎಳೆಯದೆ ಇರುವಾಗಿನದು, 46, ಅದು 25 ಡಿಗ್ರಿಯ ಲೆಕ್ಕ. ಚಳಿ ಏರಿದಂತೆ ಪ್ಯಾನೆಲಿನ ವೋಲ್ಟೇಜೂ ಏರುತ್ತದೆ, ಡಿಗ್ರಿಗೆ ಶೇಕಡಾ 0.28ರಂತೆ. ಮೈನಸ್ 20ಕ್ಕೆ ಎರಡೂ ಸೇರಿ 103 ದಾಟುತ್ತದೆ, ಕಂಟ್ರೋಲರ್ ಸುಟ್ಟೀತು. ಪ್ಯಾರಲಲ್ ಮಾಡಿಸಿದೆ. "ಇದು ನನಗ ಗೊತ್ತಿರಲಿಲ್ಲ ಅಪ್ಪಾ" ಎಂದಳು. ಎದೆ ಸ್ವಲ್ಪ ಹಗುರವಾಯಿತು.

ಆದರೂ ಆ ಮಾತು ಬಿಡಲಿಲ್ಲ. ಬುಧವಾರ ರಾತ್ರಿ ಎದ್ದು ಕೂತೆ. ನನ್ನ ಹೆಂಡತಿ ತೀರಿಕೊಂಡಾಗ ಇವಳು ಹನ್ನೆರಡನೇ ಇಯತ್ತೆ. ಬೋರ್ಡ್ ಪರೀಕ್ಷೆಗೆ ಹದಿನೈದು ದಿನವೂ ಇರಲಿಲ್ಲ. "ಈಗ ಅಳಬ್ಯಾಡ. ಏನೂ ಆಗಿಲ್ಲಂತ ತಿಳಕೊಂಡು ಓದು, ಪರೀಕ್ಷೆ ಮುಗೀಲಿ" ಅಂದಿದ್ದೆ. ಓದಿದಳು. 91 ಪ್ರತಿಶತ ಬಂತು. ಧಾರವಾಡದಿಂದ ಬಂದ ನಮ್ಮ ಅಕ್ಕ, ತಂದಿ ಅಂದ್ರ ಹಿಂಗಿರಬೇಕು ಅಂದಳು. ನಾನೂ ನಂಬಿದೆ. ಪರೀಕ್ಷೆ ಮುಗಿದ ಮೇಲೆ ಅವಳು ಅತ್ತಳೋ ಇಲ್ಲವೋ, ಈ ಹನ್ನೊಂದು ವರ್ಷ ನಾನು ಕೇಳಿಲ್ಲ.

ಇವತ್ತು ಬೆಳಿಗ್ಗೆ ಮೆಸೇಜ್ ಬಂತು: ಸೆಲ್ಲು 11 ಡಿಗ್ರಿ, ಚಾರ್ಜಿಂಗ್ 14 ಆಂಪಿಯರ್. ಜೊತೆಗೊಂದು ಫೋಟೋ. ಕಂಬಳಿ ಹೊದ್ದ ಬ್ಯಾಟರಿಗೆ ಒರಗಿ ಮನೆಯೊಡತಿಯ ಮೊಮ್ಮಗ ಕೂತಿದ್ದಾನೆ, ಕೈಯಲ್ಲಿ ರೊಟ್ಟಿ. ನಾನು ಫೋನ್ ಮಾಡಿ, ಅದೂ ಇದೂ ಮಾತಾಡಿ, "ನಿಮ್ಮವ್ವ ಹ್ವಾದ ವರ್ಷ..." ಎಂದು ಶುರುಮಾಡಿದೆ. ಅವಳು ಸುಮ್ಮನಾದಳು. "ಈಗ ಕ್ಯಾಮೆರಾ ನೋಡಾಕ ಗುಡ್ಡಕ್ಕ ಹೊಂಟೇನ್ರಿ ಅಪ್ಪಾ. ರಾತ್ರಿ ಮಾಡ್ತೀನಿ. ಎಚ್ಚರ ಇರ್ತೀರಿ?" ಅಂದಳು.

ಇರುತ್ತೇನೆ ಅಂದೆ. ಈಗ ಒಂಬತ್ತೂವರೆ.