ಮೊಜಾವೆಗೆ ವಾಪಸ್ ಹೋಗಿ 14,312 ಫೋಟೋ ಹುಡುಕಿದ್ದು

ಇದೆಲ್ಲ ಶುರುವಾಗಿದ್ದು ಅಪ್ಪನ ನೆಗೆಟಿವ್‌ಗಳಿಂದ. ಒಂದು ಶೂ ಡಬ್ಬಿ ತುಂಬಾ ಇದ್ದವು. ಸ್ಕ್ಯಾನ್ ಮಾಡೋಣ ಅಂತ ನನ್ನ ಹಳೇ ಫಿಲ್ಮ್ ಸ್ಕ್ಯಾನರ್ ಹೊರಗೆ ತೆಗೆದೆ. ಸ್ಕ್ಯಾನರ್‌ಗೆ ಏನೂ ಆಗಿರಲಿಲ್ಲ. ಆದರೆ ಅದರ ಸಾಫ್ಟ್‌ವೇರ್ ಹಳೇ ಕಾಲದ 32 ಬಿಟ್‌ನದು, ನನ್ನ ಆಪಲ್ ಕಂಪ್ಯೂಟರ್ ಮ್ಯಾಕ್ ಮಿನಿಯಲ್ಲಿ ಇದ್ದದ್ದು ಕ್ಯಾಟಲೀನಾ ಅನ್ನೋ ಆಪರೇಟಿಂಗ್ ಸಿಸ್ಟಮ್ ಆವೃತ್ತಿ. 2019ರ ಕ್ಯಾಟಲೀನಾದಿಂದ ಈಚೆಗೆ ಮ್ಯಾಕ್‌ನಲ್ಲಿ 32 ಬಿಟ್ ಸಾಫ್ಟ್‌ವೇರ್ ಓಡುವುದೇ ಇಲ್ಲ. ಅದರ ಹಿಂದಿನ ಆವೃತ್ತಿ ಮೊಜಾವೆಯಲ್ಲಿ ಒಂದು ಎಚ್ಚರಿಕೆ ಕೊಟ್ಟು ಓಡಿಸುತ್ತದೆ.

ಒಂದು ಮೆಟ್ಟಿಲು ಕೆಳಗೆ ಇಳಿದರಾಯಿತು, ಅಷ್ಟೇ ತಾನೇ? ಮ್ಯಾಕ್‌ನ ಫೋಟೋಸ್ ಆಪ್ ನನ್ನ ಫೋಟೋಗಳನ್ನೆಲ್ಲ ಇಟ್ಟುಕೊಳ್ಳುವ ಲೈಬ್ರರಿಯನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. 118 ಜಿಬಿ. ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಒಳಗಿನ ಡಿಸ್ಕ್ ಪೂರ್ತಿ ಅಳಿಸಿ, ಮೊಜಾವೆ ಹಾಕಿದೆ. ಸಂಜೆಯ ಹೊತ್ತಿಗೆ ಸ್ಕ್ಯಾನರ್ ಗುರ್ ಅಂತು. ಖುಷಿಯಿಂದ ಲೈಬ್ರರಿಯನ್ನು ವಾಪಸ್ ತಂದು ಡಬಲ್ ಕ್ಲಿಕ್ ಮಾಡಿದೆ.

ತೆರೆಯಲಿಲ್ಲ. ಈ ಲೈಬ್ರರಿ ಹೊಸ ಆವೃತ್ತಿಯದು, ಇಲ್ಲಿ ತೆರೆಯಲು ಆಗುವುದಿಲ್ಲ ಅನ್ನೋ ಅರ್ಥದ ಎರಡು ಸಾಲು ಬಂತು.

ತಪ್ಪು ನನ್ನದೇ. ಕ್ಯಾಟಲೀನಾಗೆ ಹೋದಾಗ ಫೋಟೋಸ್ ಆಪ್ ಲೈಬ್ರರಿಯನ್ನೂ ತನ್ನ ಹೊಸ ರೂಪಕ್ಕೆ ಬದಲಾಯಿಸಿಕೊಂಡಿತ್ತು. ಅದಕ್ಕೆ ವಾಪಸ್ ದಾರಿ ಇಲ್ಲ. ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷೀನ್‌ನಲ್ಲಿ ಹಳೇ ರೂಪದ್ದು ಸಿಗಬಹುದು ಅಂತ ನೋಡಿದರೆ ಅಲ್ಲೂ ಇಲ್ಲ. ಡಿಸ್ಕ್ ತುಂಬಿದಾಗ ಅದು ಎಲ್ಲಕ್ಕಿಂತ ಹಳೇ ಬ್ಯಾಕಪ್‌ನಿಂದ ಅಳಿಸುತ್ತಾ ಬರುತ್ತದೆ. ನನಗೆ ಬೇಕಾಗಿದ್ದು ಯಾವತ್ತೋ ಹೋಗಿತ್ತು.

ಲೈಬ್ರರಿ ನೋಡುವುದಕ್ಕೆ ಒಂದೇ ಫೈಲ್ ಥರ ಕಾಣುತ್ತದೆ, ನಿಜಕ್ಕೂ ಅದೊಂದು ಫೋಲ್ಡರ್. ರೈಟ್ ಕ್ಲಿಕ್ ಮಾಡಿ ‘ಶೋ ಪ್ಯಾಕೇಜ್ ಕಂಟೆಂಟ್ಸ್’ ಒತ್ತಿದರೆ ಒಳಗೆ ಹೋಗಬಹುದು. ಹೋದೆ. ಹಿಂದೆಲ್ಲ ಅಲ್ಲಿ ‘ಮಾಸ್ಟರ್ಸ್’ ಅಂತ ಒಂದು ಫೋಲ್ಡರ್, ಅದರೊಳಗೆ ವರ್ಷ, ತಿಂಗಳು, ದಿನ ಅಂತ ಸಾಲಾಗಿ ಇರುತ್ತಿತ್ತು. ಈಗ ‘ಒರಿಜಿನಲ್ಸ್’. ಒಳಗೆ 0ಯಿಂದ 9, ಎಯಿಂದ ಎಫ್, ಒಟ್ಟು 16 ಫೋಲ್ಡರ್. ಒಂದೊಂದರಲ್ಲೂ ನೂರಾರು ಫೋಟೋ, ಒಂದೊಂದಕ್ಕೂ ಅಂಕಿ, ಅಕ್ಷರ, ಅಡ್ಡಗೆರೆ ಸೇರಿ 36 ಅಕ್ಷರದ ಹೆಸರು. ಹೆಸರಿನ ಮೊದಲ ಅಕ್ಷರ ಯಾವುದೋ ಫೋಟೋ ಆ ಫೋಲ್ಡರ್‌ಗೆ. 7ನೇ ಫೋಲ್ಡರ್ ತೆರೆದರೆ ಮಗನ ಮೊದಲ ಸೈಕಲ್ಲಿನ ಪಕ್ಕದಲ್ಲಿ ಗ್ಯಾಸ್ ಬಿಲ್, ಅದರ ಪಕ್ಕ ಹತ್ತು ವರ್ಷದ ಹಿಂದಿನ ಸಮುದ್ರ.

ಫೋಟೋ ಎಲ್ಲಾ ಇವೆ. ಮೊದಲು ಅಷ್ಟಕ್ಕೇ ಸಮಾಧಾನ ಆಯಿತು. (‘ಆಪ್ಟಿಮೈಜ್ ಸ್ಟೋರೇಜ್’ ಆನ್ ಮಾಡಿದ್ದಿದ್ದರೆ ಎಷ್ಟೋ ಒರಿಜಿನಲ್‌ಗಳು ಇಲ್ಲಿ ಇರುತ್ತಲೇ ಇರಲಿಲ್ಲ, ಕ್ಲೌಡ್‌ನಲ್ಲಿ ಇರುತ್ತಿದ್ದವು. ನಾನು ಮಾಡಿರಲಿಲ್ಲ. ಜಾಣತನ ಅಲ್ಲ, ಸೋಮಾರಿತನ.) ಎಲ್ಲವನ್ನೂ ಎಳೆದು ಮೊಜಾವೆಯ ಹೊಸ ಖಾಲಿ ಲೈಬ್ರರಿಗೆ ಹಾಕಿದರೆ ಮುಗಿಯಿತಲ್ಲ! 300 ಫೋಟೋ ಹಾಕಿ ನೋಡಿದೆ. ಕ್ಯಾಮೆರಾದಲ್ಲಿ ತೆಗೆದವು ತಮ್ಮ ತಾರೀಖಿಗೆ ಸರಿಯಾಗಿ ಹೋಗಿ ಕೂತವು, ಯಾಕೆಂದರೆ ತಾರೀಖು ಫೈಲ್ ಒಳಗೇ ಇರುತ್ತದೆ. ವಾಟ್ಸಾಪ್‌ನಲ್ಲಿ ಬಂದವಕ್ಕೆ ಒಳಗೆ ತಾರೀಖೇ ಇರುವುದಿಲ್ಲ. ಹತ್ತಾರು ಫೋಟೋ ಒಂದೇ ದಿನಕ್ಕೆ ಬಂದು ರಾಶಿ ಬಿದ್ದವು. ಆಲ್ಬಮ್ ಇಲ್ಲ. ಮುಖಗಳಿಗೆ ಕೊಟ್ಟ ಹೆಸರಿಲ್ಲ. ನಾನು ಬರೆದಿಟ್ಟ ಸಾಲುಗಳೂ ಇಲ್ಲ.

ಆ ಸಾಲುಗಳ ವಿಷಯ ಹೇಳಬೇಕು. ಮಗ ಚಿಕ್ಕವನಿದ್ದಾಗ ಏನಾದರೂ ತಮಾಷೆಯಾಗಿ ಹೇಳಿದರೆ ಆ ದಿನದ ಯಾವುದಾದರೂ ಫೋಟೋದ ವಿವರಣೆಯಲ್ಲಿ ಬರೆದುಬಿಡುತ್ತಿದ್ದೆ. ಕಾರಿನ ಕಿಟಕಿಯ ಮಸುಕು ಫೋಟೋ ಒಂದಿದೆ. ನೋಡಿದರೆ ಯಾರಾದರೂ ಡಿಲೀಟ್ ಮಾಡುತ್ತಾರೆ. ಅದರ ಕೆಳಗೆ ‘ಅಪ್ಪಾ, ನಿಧಾನಕ್ಕೆ ಹೋಗು, ಚಂದ್ರನಿಗೆ ಸುಸ್ತಾಗುತ್ತೆ’ ಅಂತ ಇತ್ತು. ಈಗ ಮಸುಕು ಮಾತ್ರ ಉಳಿದಿತ್ತು.

ಅದೆಲ್ಲಾ ಇರುವುದು ‘ಡೇಟಾಬೇಸ್’ ಫೋಲ್ಡರ್‌ನ ‘ಫೋಟೋಸ್ ಡಾಟ್ ಎಸ್‌ಕ್ಯೂಲೈಟ್’ ಎಂಬ ಒಂದು ಫೈಲ್‌ನಲ್ಲಿ. ಅದರ ಪಕ್ಕ ಅದೇ ಹೆಸರಿನ ಬಾಲಕ್ಕೆ ‘ವಾಲ್’ ಅಂತ ಅಂಟಿಸಿಕೊಂಡ ಇನ್ನೊಂದು ಇರುತ್ತದೆ. ಕೊನೆಕೊನೆಯ ಬದಲಾವಣೆಗಳು ಅದರಲ್ಲೇ ಇರಬಹುದು, ಹಾಗಾಗಿ ಎರಡನ್ನೂ ಒಟ್ಟಿಗೇ ಕಾಪಿ ಮಾಡಬೇಕು. ಕಾಪಿಯನ್ನು ತೆರೆದು ನೋಡಿದೆ. ಒಂದು ಫೋಟೋದ ತಾರೀಖು ಇರಬೇಕಾದ ಕಡೆ 54 ಕೋಟಿಗಿಂತ ಸ್ವಲ್ಪ ಜಾಸ್ತಿ ಅನ್ನುವ ಒಂದು ಸಂಖ್ಯೆ. ಇದೇನಪ್ಪಾ ಅಂತ ತಲೆ ಕೆರೆದುಕೊಂಡೆ. 2001ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಂತೆ! ಲೆಕ್ಕ ಹಾಕಿದರೆ 2018ರ ಫೆಬ್ರವರಿ ಬಂತು. ಆ ತಿಂಗಳು ನಾವು ಮನೆ ಬದಲಾಯಿಸಿದ್ದೆವು, ಫೋಟೋದಲ್ಲಿ ಬರೀ ರಟ್ಟಿನ ಡಬ್ಬಿಗಳು. ಸರಿಯಾಗೇ ಇತ್ತು.

ಇದನ್ನು ಕೈಯಲ್ಲಿ ಮಾಡಿದರೆ ನನ್ನ ರಿಟೈರ್‌ಮೆಂಟ್ ತನಕ ಆಗುತ್ತಿತ್ತು. ‘ಓಎಸ್‌ಎಕ್ಸ್‌ಫೋಟೋಸ್’ ಅಂತ ಒಂದು ಉಚಿತ ಟೂಲ್ ಇದೆ, ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಓಡಿಸುವಂಥದ್ದು. ಹೊಸ ಆವೃತ್ತಿಯ ಲೈಬ್ರರಿಯನ್ನು ಹಳೇ ಮ್ಯಾಕ್‌ನಲ್ಲೇ ಓದುತ್ತದೆ, ಫೋಟೋಸ್ ಆಪ್‌ನ ಹಂಗೇ ಇಲ್ಲ. ಆಲ್ಬಮ್ ಹೆಸರಿನ ಫೋಲ್ಡರ್ ಮಾಡಿ ಫೋಟೋ ಹೊರಗೆ ಹಾಕುತ್ತದೆ. ಜೊತೆಗೆ ‘ಎಕ್ಸಿಫ್‌ಟೂಲ್’ ಅನ್ನೋ ಇನ್ನೊಂದು ಟೂಲ್ ಇದ್ದರೆ ತಾರೀಖು, ವಿವರಣೆ, ಮುಖದ ಹೆಸರು ಎಲ್ಲವನ್ನೂ ಹೊರಗೆ ಬಂದ ಫೈಲ್ ಒಳಗೇ ಬರೆದುಬಿಡಬಹುದು. ಮುಖದ ಹೆಸರು ಕೀವರ್ಡ್ ಆಗಿ ಬರುತ್ತದೆ. ಮೊದಲು ಒಂದು ಸಲ ‘ಡ್ರೈ ರನ್’ ಮಾಡಿದೆ, ಅಂದರೆ ಏನೂ ಬರೆಯದೆ ಸುಮ್ನೆ ಓಡಿಸಿ ನೋಡುವುದು. ಆಮೇಲೆ ನಿಜವಾಗಿ ಓಡಿಸಿ ಮಲಗಿದೆ. ಮಲಗಿದೆ ಅಂದರೆ, ನಾಲ್ಕು ಸಲ ಎದ್ದು ಹೋಗಿ ನೋಡಿದೆ.

ಬೆಳಿಗ್ಗೆ ಎಣಿಸಿದರೆ 14,312. ಎಡಿಟ್ ಮಾಡಿದವು ಬೇರೆ ಫೈಲ್ ಆಗಿ ಪಕ್ಕದಲ್ಲೇ ಇದ್ದವು. ಎಲ್ಲವನ್ನೂ ಹೊಸ ಲೈಬ್ರರಿಗೆ ಹಾಕಿ, ಮಸುಕು ಕಿಟಕಿ ಹುಡುಕಿ ತೆಗೆದೆ. ಚಂದ್ರನಿಗೆ ಇನ್ನೂ ಸುಸ್ತಾಗುತ್ತಿತ್ತು.

ಡೇಟಾಬೇಸ್‌ನಲ್ಲೇ ತಾರೀಖು ತಪ್ಪಾಗಿದ್ದ ಒಂದಷ್ಟು ಉಳಿದವು. ಅವಕ್ಕೆ ಯಾವ ಟೂಲೂ ಇಲ್ಲ, ಹೆಂಡತಿಯನ್ನೇ ಕೂರಿಸಿಕೊಂಡೆ. ಒಂದು ಫೋಟೋಗೆ ನಾನು ಯಾವುದೋ ವರ್ಷ ಹೇಳಿದೆ. ‘ಅಲ್ಲಾರೀ, ಇದು ಅವನ ಮುಂದಿನ ಹಲ್ಲು ಬಿದ್ದ ವಾರ. ನೋಡಿ, ಬಾಯಿ ಮುಚ್ಕೊಂಡೇ ನಗ್ತಿದಾನೆ’ ಅಂದಳು. ಹಲ್ಲು ಬಿದ್ದಿದ್ದು ಬೇರೊಂದು ಫೋಟೋದ ವಿವರಣೆಯಲ್ಲಿ ಇತ್ತು. ಅದೇ ವಾರ ಹಾಕಿದೆ.

ಅಪ್ಪನ ನೆಗೆಟಿವ್ ಶುರುವಾಗಿದ್ದು ಮುಂದಿನ ಭಾನುವಾರ. ಮೊದಲ ಕವರ್ ಮೇಲೆ ಪೆನ್ಸಿಲ್‌ನಲ್ಲಿ ಅವರ ಕೈಬರಹ: ‘ಮಳೆ. ಬೆಳಕು ಸಾಲದು. 4ನೇದು ಪರವಾಗಿಲ್ಲ.’ 4ನೆಯದನ್ನು ಸ್ಕ್ಯಾನ್ ಮಾಡಿದೆ. ಪರವಾಗಿಲ್ಲ, ಚೆನ್ನಾಗಿಯೇ ಬಂತು. ವಿವರಣೆಯಲ್ಲಿ ಅವರ ಸಾಲನ್ನು ಹಾಗೇ ಟೈಪ್ ಮಾಡಿದೆ, ಈ ಸಲ ಫೈಲ್ ಒಳಗೇ.