ಅಪ್ಪ ಮೊದಲು ಕೇಳಿದ್ದು ನೀರಿನ ಬಗ್ಗೆ

ಕೋಲಾರದಿಂದ ಅಪ್ಪ ಬಂದಿದ್ದಾಗ ಒಂದು ಶನಿವಾರ ಅವರನ್ನು ಆಲೆನ್ಸ್‌ವರ್ತ್‌ಗೆ ಕರೆದುಕೊಂಡು ಹೋದೆ. ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಪುಟ್ಟ ಊರು, ಐನೂರು ಚಿಲ್ಲರೆ ಜನ. ಮುನಿಸಿಪಾಲಿಟಿ ಇಲ್ಲ, ಮೇಯರ್ ಇಲ್ಲ, ಏನೇ ಬೇಕಿದ್ದರೂ ಕೌಂಟಿಯವರನ್ನೇ ಕೇಳಬೇಕು. ರೈಲು ಹಳಿ ದಾಟಿ ಕಾರಿನಿಂದ ಇಳಿದ ತಕ್ಷಣ ಅಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಉಜ್ಜಿ ನೋಡಿದರು. "ಚೌಳು ಭೂಮಿ ಕಣೋ ಇದು. ನೀರಿಗೇನು ಮಾಡ್ತಾರೆ?"

ಊರು ಕಟ್ಟಿದವರು ಅಲೆನ್ ಆಲೆನ್ಸ್‌ವರ್ತ್. 1842ರಲ್ಲಿ ಗುಲಾಮರಾಗಿ ಹುಟ್ಟಿದವರು. ಹುಡುಗನಾಗಿದ್ದಾಗ ಓದು ಕಲಿಯಲು ಹೋದ ತಪ್ಪಿಗೆ ಅವರನ್ನು ದೂರಕ್ಕೆ ಮಾರಿಬಿಟ್ಟಿದ್ದರು. ಮುಂದೆ ಸೈನ್ಯ ಸೇರಿ, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾಗಿ, 1908ರಲ್ಲಿ ಕಪ್ಪು ಜನ ತಲೆಯೆತ್ತಿ ಬಾಳಲಿ ಎಂದು ಈ ಊರು ಶುರು ಮಾಡಿದರು. ನಾಲ್ಕೇ ವರ್ಷಕ್ಕೆ ಶಾಲೆ, ಮರುವರ್ಷ ಲೈಬ್ರರಿ. ತಮ್ಮ ಸ್ವಂತ ಪುಸ್ತಕಗಳನ್ನೂ ಅದಕ್ಕೇ ಕೊಟ್ಟರಂತೆ.

ಶಾಲೆಯ ಬಾಗಿಲು ಹಾಕಿತ್ತು. ಗಾಜಿಗೆ ಕೈ ಅಡ್ಡ ಹಿಡಿದು ಅಪ್ಪ ತುಂಬಾ ಹೊತ್ತು ಒಳಗೆ ನೋಡುತ್ತಾ ನಿಂತರು. ಸಾಲು ಡೆಸ್ಕು, ಕಪ್ಪು ಹಲಗೆ. 1972ರವರೆಗೂ ಇಲ್ಲಿ ಪಾಠ ನಡೆಯುತ್ತಿತ್ತು ಅಂದೆ.

ಆದರೆ ಅಪ್ಪ ಕೇಳಿದ್ದೇ ಸರಿ. ಜಮೀನು ಮಾರಿದ ಕಂಪನಿ ಸಾಕಷ್ಟು ನೀರು ಕೊಡುತ್ತೇವೆ ಅಂತ ಮಾತು ಕೊಟ್ಟು ಕೊಡಲಿಲ್ಲ, ಅಂತರ್ಜಲವೂ ಇಳಿಯುತ್ತಾ ಹೋಯಿತು. 1914ರಲ್ಲಿ ರೈಲು ನಿಲುಗಡೆಯನ್ನು ಪಕ್ಕದ ಆಲ್ಪಾ ಊರಿಗೆ ಎತ್ತಿಕೊಂಡು ಹೋದರು. ಅದೇ ವರ್ಷ ಮೋಟಾರ್‌ಸೈಕಲ್ ಡಿಕ್ಕಿ ಹೊಡೆದು ಕರ್ನಲ್ ತೀರಿಕೊಂಡರು. 1966ರಲ್ಲಿ ಬಾವಿ ನೀರಲ್ಲಿ ಆರ್ಸೆನಿಕ್ ಅನ್ನೋ ವಿಷ ಸಿಕ್ಕಿತು, ಜನ ಮತ್ತಷ್ಟು ಖಾಲಿಯಾದರು. ಹಳೇ ಕಟ್ಟಡಗಳು ಈಗ ರಾಜ್ಯದ ಪಾರ್ಕು, ಚೆನ್ನಾಗಿ ಕಾಪಾಡಿದ್ದಾರೆ. ಅದರ ಪಕ್ಕದಲ್ಲೇ ಇವತ್ತು ಬದುಕುತ್ತಿರುವವರಿಗೆ ಮಾತ್ರ ಒಳ್ಳೆಯ ಕುಡಿಯುವ ನೀರಿಗೇ ಪರದಾಟ, ಇದು ಅನ್ಯಾಯ ಅಲ್ವಾ? 2023ರ ಮಾರ್ಚ್‌ನಲ್ಲಿ ಪ್ರವಾಹ ಬಂದಾಗಲೂ ಸುಮ್ನೆ ಕೂರದೆ ತಾವೇ ಮಣ್ಣು ಹೊತ್ತು ನೀರಿಗೆ ಅಡ್ಡ ಹಾಕಿದ ಜನ ಅವರು.

ವಾಪಸ್ ಬರುವಾಗ ಒಂದು ಮನೆ ಮುಂದೆ ನೀರಿನ ಕ್ಯಾನುಗಳ ಸಾಲು ಕಂಡಿತು. ಅಪ್ಪ ಕಾರು ನಿಧಾನ ಮಾಡಿಸಿದರು. ನಮ್ಮೂರಲ್ಲೂ ಹಾಗೇ. ಬೋರ್ ನೀರಲ್ಲಿ ಫ್ಲೋರೈಡ್, ಅಜ್ಜಿಯ ಮಂಡಿ ಬಗ್ಗಿಹೋಗಿತ್ತು, ಈಗ ಅಪ್ಪನೇ ದಿನಾ ಟಿವಿಎಸ್‌ ಮೇಲೆ ಕ್ಯಾನ್ ಇಟ್ಟುಕೊಂಡು ಫಿಲ್ಟರ್ ನೀರು ತರುವುದು.

"ಇವರಿಗೆ ಒಂದು ಕ್ಯಾನಿಗೆ ಎಷ್ಟು ಬೀಳುತ್ತಂತೆ?" ಅಂತ ಕೇಳಿದರು.